ಬ್ಯೂರೆಟ್ಟು ಯಾರ ಕೈಯಲ್ಲಿ?

(ಗಿರಣಿ ಕಾರ್ಮಿಕರ ವಾಚನಾಲಯದಲ್ಲಿ ಕಳೆದ ಭಾನುವಾರ ಸಂಜೆ ಸೇರಿದ್ದ ಸಭೆಯಲ್ಲಿ, ಹೈಸ್ಕೂಲಿನಲ್ಲಿಯೂ ಆಮೇಲೆ ಜೂನಿಯರ್ ಕಾಲೇಜಿನಲ್ಲಿಯೂ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಅಧ್ಯಾಪಕರೊಬ್ಬರು ಮಾಡಿದ ಭಾಷಣ. — ಸಂ.)



ಮೊದಲು ಒಂದು ಬಿನ್ನಹ. ಮುಂದೆ ಮೂರು ಸಾಲು ಬೆಂಚು ಖಾಲಿ ಇವೆ. ತಾಯಂದಿರು ದಯಮಾಡಿ ಮುಂದಕ್ಕೆ ಬರಬೇಕು. ಮೇಜಿನ ಮೇಲೆ ನಾನು ಇಟ್ಟಿರುವ ಸಾಮಾನು ಅಷ್ಟು ದೂರದಿಂದ ಕಾಣಿಸುವುದಿಲ್ಲ. ದೊಡ್ಡ ಸಾಮಾನೇನೂ ಅಲ್ಲ. ಅರಿಶಿಣ, ಎಲೆಅಡಿಕೆಯ ಸುಣ್ಣ, ಲಿಂಬೆಹಣ್ಣು, ಅಡುಗೆ ಸೋಡಾ, ಎರಡು ಗಾಜಿನ ಲೋಟ. ಎಲ್ಲವೂ ಇಲ್ಲಿಯೇ ಮೂಲೆಯ ಕಿರಾಣಿ ಅಂಗಡಿಯಲ್ಲಿ ತಂದದ್ದು. ಅಂಗಡಿಯ ಯಜಮಾನರು ಸಭೆಯಲ್ಲಿದ್ದಾರೆ, ದುಡ್ಡು ಬೇಡವೆಂದರು. ನಾನು ಕೊಟ್ಟೇ ತಂದೆ.

ನನಗೆ ಕೊಟ್ಟಿರುವ ವಿಷಯ, ಗಂಡುಮಕ್ಕಳು ಹೆಣ್ಣುಮಕ್ಕಳು ಕಲಿಯುವ ಬಗೆಯಲ್ಲಿ ವ್ಯತ್ಯಾಸ ಉಂಟೇ, ಅದರಿಂದ ರಸಾಯನಶಾಸ್ತ್ರದ ಅಂಕಗಳಲ್ಲಿ ಏರುಪೇರು ಆಗುತ್ತದೆಯೇ ಎಂಬುದು. ಇದು ಪ್ರೊಫೆಸರರ ಗೋಷ್ಠಿಗೆ ತಕ್ಕ ವಿಷಯ, ಪಾಳಿ ಮುಗಿಸಿ ದಣಿದು ಬಂದವರ ಮುಂದೆ ಇದೇಕೆ ಎಂದು ನಿಮಗೆ ಅನ್ನಿಸಬಹುದು. ಆದರೆ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಲ್ಲಿ ಇಬ್ಬರು ನನ್ನ ಮನೆಗೆ ಬಂದು ಹೋದರು. ಅವರ ಮಾತು ಕೇಳಿದ ಮೇಲೆ ಇದನ್ನು ಇಲ್ಲಿಯೇ ಆಡಬೇಕು ಎಂದು ನನಗೆ ತೋರಿತು.

ಮೊದಲನೆಯವರು ಸ್ಪಿನ್ನಿಂಗ್ ಖಾತೆಯವರು. ಮಗ ಹೋದ ವರ್ಷ ವಿಜ್ಞಾನದಲ್ಲಿ ನಪಾಸಾಗಿ ಈ ವರ್ಷ 38 ಅಂಕದಲ್ಲಿ ದಾಟಿದ್ದಾನೆ. ಒಂದು ವರ್ಷ ಚಿಕ್ಕವಳಾದ ಮಗಳು ಅದೇ ಪತ್ರಿಕೆಯಲ್ಲಿ 91 ತೆಗೆದಿದ್ದಾಳೆ. ಟ್ಯೂಷನ್ನಿಗೆ ಹಣ ಇರುವುದು ಒಬ್ಬರಿಗೆ ಮಾತ್ರ.

"ಮೇಷ್ಟ್ರೇ, ಹುಡುಗನ್ನ ಸೈನ್ಸಿಗೆ ಹಾಕೋಣ ಅಂತಿದೀನಿ. ಹುಡುಗಿ ಆರ್ಟ್ಸ್ ಓದ್ಲಿ. ಈ ಕೆಮಿಸ್ಟ್ರಿ ಎಲ್ಲ ಗಂಡುಮಕ್ಕಳ ತಲೆಗೆ ಹತ್ತೋ ವಿದ್ಯೆ ಅಲ್ವಾ?"

"ಅಂಕ ಬಂದಿರೋದು ಹುಡುಗಿಗಲ್ಲವೇನಪ್ಪಾ?"

"ಅದು ಬಾಯಿಪಾಠ, ಸಾರ್. ಹುಡುಗೀರು ಬಾಯಿಪಾಠ ಮಾಡ್ತಾವೆ."

ಎರಡನೆಯವರು ವ್ಯಾಪಾರಸ್ಥರು. ಪಟ್ಟಣಕ್ಕೆ ಬಂದಿದ್ದ ಯಾರೋ ಅವರ ಮಗಳ ಹತ್ತೂ ಬೆರಳುಗಳ ಗುರುತು ತೆಗೆದುಕೊಂಡು, ನಾಲ್ಕು ಸಾವಿರ ರೂಪಾಯಿ ಇಸಿದುಕೊಂಡು, ಬಣ್ಣಬಣ್ಣದ ಒಂದು ಪುಸ್ತಕ ಕೊಟ್ಟಿದ್ದರು. ಅದರಲ್ಲಿ ಬರೆದದ್ದು ಇಷ್ಟು: ಈ ಹುಡುಗಿ ಕಿವಿಯಿಂದ ಕಲಿಯುವವಳು, ಕೈಯಿಂದ ಕಲಿಯುವವಳಲ್ಲ; ಆದುದರಿಂದ ಪ್ರಯೋಗದ ವಿಷಯಗಳು ಇವಳಿಗೆ ಒಗ್ಗುವುದಿಲ್ಲ. ಆ ಯಜಮಾನರು ಪುಸ್ತಕವನ್ನು ಜಾತಕದ ಹಾಗೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು.

ಒಬ್ಬರು ಗಂಡು ಹೆಣ್ಣು ಎಂದು ವಿಂಗಡಿಸಿದರು, ಇನ್ನೊಬ್ಬರು ಕಿವಿ ಕೈ ಎಂದು ವಿಂಗಡಿಸಿದರು. ಎರಡು ಕಡೆಯೂ ನಷ್ಟಕ್ಕೆ ಗುರಿಯಾದವಳು ಒಬ್ಬ ಹುಡುಗಿ. ಇದು ಆಕಸ್ಮಿಕವೇ ಎಂಬುದನ್ನು ನೋಡೋಣ.

ಮೊದಲು ಅಂಕಗಳ ಮಾತು. ಎಸ್‌ಎಸ್‌ಎಲ್‌ಸಿಯಲ್ಲಿ ರಸಾಯನಶಾಸ್ತ್ರಕ್ಕೆ ಬೇರೆ ಪತ್ರಿಕೆ ಇಲ್ಲ. ಭೌತ, ರಸಾಯನ, ಜೀವ ಮೂರೂ ಸೇರಿ ವಿಜ್ಞಾನ. ಅದು ಬೇರೆಯಾಗುವುದು ಪಿಯುಸಿಯಲ್ಲಿ. ಆದರೆ ಒಟ್ಟು ಫಲಿತಾಂಶ ಏನು ಹೇಳುತ್ತದೆ? ನಮ್ಮ ರಾಜ್ಯದಲ್ಲಿ 2023ರಲ್ಲಿ ಹುಡುಗಿಯರಲ್ಲಿ ನೂರಕ್ಕೆ 87.87 ಮಂದಿ ತೇರ್ಗಡೆಯಾದರು, ಹುಡುಗರಲ್ಲಿ 80.08. ಮರುವರ್ಷ, 2024ರಲ್ಲಿ, ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಇಟ್ಟು ದೂರದಿಂದಲೇ ಕಣ್ಗಾವಲು ಮಾಡಿದರು. ಫಲಿತಾಂಶ ಎಲ್ಲರದೂ ಕುಸಿಯಿತು. ಹುಡುಗಿಯರದು 81.11ಕ್ಕೆ ಇಳಿಯಿತು, ಹುಡುಗರದು 65.90ಕ್ಕೆ ಬಿತ್ತು. ಏಳೆಂಟರ ಅಂತರ ಹದಿನೈದಾಯಿತು. ಇದಕ್ಕೆ ನಾನು ವ್ಯಾಖ್ಯಾನ ಬರೆಯುವುದಿಲ್ಲ, ನಗುವವರು ನಗಲಿ. ಹುಡುಗಿಯರ ಅಂಕವನ್ನು ಬಾಯಿಪಾಠವೆಂದು ತಳ್ಳಿಹಾಕುವವರು ಆ ಕ್ಯಾಮರಾದ ವರ್ಷವನ್ನೂ ನೆನಪಿನಲ್ಲಿಟ್ಟುಕೊಳ್ಳಲಿ ಎಂದಷ್ಟೇ ಹೇಳುತ್ತೇನೆ.

ಹಾಗಾದರೆ ಹುಡುಗಿಯರ ಮೆದುಳೇ ಹೆಚ್ಚಿನದು ಎನ್ನೋಣವೇ? ಅದೂ ತಪ್ಪಾಗುತ್ತದೆ. ಹದಿನೈದು ವರ್ಷದ ಮಕ್ಕಳನ್ನು ಅನೇಕ ದೇಶಗಳಲ್ಲಿ ಒಂದೇ ಬಗೆಯ ಪ್ರಶ್ನೆಗಳಿಂದ ಅಳೆಯುವ ಪೀಸಾ ಎಂಬ ಪರೀಕ್ಷೆಯೊಂದುಂಟು. ಅದರ ವಿಜ್ಞಾನದ ಭಾಗದಲ್ಲಿ 2015ರಲ್ಲಿ ಶ್ರೀಮಂತ ದೇಶಗಳ ಸರಾಸರಿ ತೆಗೆದರೆ ಹುಡುಗರು 4 ಅಂಕ ಮುಂದೆ ಇದ್ದರು. 2018ರಲ್ಲಿ ಹುಡುಗಿಯರು 2 ಅಂಕ ಮುಂದೆ ಬಂದರು. ಐನೂರರ ಆಸುಪಾಸಿನ ಸರಾಸರಿಯಲ್ಲಿ ನಾಲ್ಕು, ಎರಡು! ಮೂರು ವರ್ಷದಲ್ಲಿ ಮನುಷ್ಯಜಾತಿಯ ಮೆದುಳು ಬದಲಾಯಿತೇ? ಫಿನ್ಲೆಂಡಿನಲ್ಲಿ ಹುಡುಗಿಯರು ಚೆನ್ನಾಗಿಯೇ ಮುಂದಿದ್ದಾರೆ. ಅದಕ್ಕಿಂತ ಸೋಜಿಗವೆಂದರೆ, ಹೆಂಗಸರ ನಡೆನುಡಿಗೆ ಬಿಗಿ ಕಟ್ಟುಪಾಡುಗಳಿರುವ ಸೌದಿ ಅರೇಬಿಯ, ಓಮಾನ್, ಜೋರ್ಡಾನ್ ದೇಶಗಳಲ್ಲಿ 2019ರ ಟಿಮ್ಸ್ ಪರೀಕ್ಷೆಯಲ್ಲಿ ಎಂಟನೇ ತರಗತಿಯ ಹುಡುಗಿಯರು ವಿಜ್ಞಾನದಲ್ಲಿ ಹುಡುಗರನ್ನು ಬಹಳ ಹಿಂದೆ ಹಾಕಿದ್ದರು. ಪ್ರಕೃತಿಯೇ ಗೆರೆ ಎಳೆದಿದ್ದರೆ ಆ ಗೆರೆ ದೇಶ ದೇಶಕ್ಕೆ ಆಚೆ ಈಚೆ ಸರಿಯುತ್ತಿರಲಿಲ್ಲ.

ಅಮೆರಿಕದ ಮನಃಶಾಸ್ತ್ರಜ್ಞೆ ಜಾನೆಟ್ ಹೈಡ್ ಎಂಬಾಕೆ 2005ರಲ್ಲಿ ಹಿಂದಿನ ಸಂಶೋಧನೆಗಳ 46 ದೊಡ್ಡ ಸಂಕಲನಗಳನ್ನು ಒಟ್ಟುಗೂಡಿಸಿ ನೋಡಿದಳು. ಗಂಡು ಹೆಣ್ಣಿನ ನಡುವೆ ಅಳೆದ ವ್ಯತ್ಯಾಸಗಳಲ್ಲಿ ನೂರಕ್ಕೆ 78 ಪಾಲು ತೀರ ಸಣ್ಣವು, ಇಲ್ಲವೇ ಇಲ್ಲವೆನ್ನುವಷ್ಟು. ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಒಂದು ವಸ್ತುವನ್ನು ಮನಸ್ಸಿನಲ್ಲಿಯೇ ತಿರುಗಿಸಿ ನೋಡುವ ಶಕ್ತಿಯಲ್ಲಿ ಸರಾಸರಿ ಹುಡುಗರು ಮುಂದೆ ಇರುತ್ತಾರೆ. ರಸಾಯನಶಾಸ್ತ್ರದಲ್ಲಿ ಇದು ಬೇಕಾಗುತ್ತದೆ. ಒಂದೇ ಪರಮಾಣುಗಳು ಎಡಗೈ ಬಲಗೈಯಂತೆ ಬೇರೆ ಬೇರೆ ಜೋಡಣೆಯಾಗುವುದನ್ನು ಮನಸ್ಸಿನಲ್ಲಿ ಕಾಣಬೇಕು. ಆದರೆ ಆ ಶಕ್ತಿ ಅಭ್ಯಾಸದಿಂದ ಬೆಳೆಯುತ್ತದೆ ಎಂಬುದೂ ಸಿದ್ಧವಾಗಿದೆ. ನಾನು ಜೇಡಿಮಣ್ಣಿನ ಉಂಡೆಗೆ ಕಡ್ಡಿ ಚುಚ್ಚಿ ಅಣುಗಳನ್ನು ಮಾಡಿಸುತ್ತಿದ್ದೆ. ನಾಲ್ಕು ದಿನ ಕೈಯಲ್ಲಿ ಹಿಡಿದು ತಿರುಗಿಸಿದವರಿಗೆ ಐದನೇ ದಿನ ಮಣ್ಣು ಬೇಕಾಗುತ್ತಿರಲಿಲ್ಲ. ಅದರಲ್ಲಿ ಜಡೆಯವರು ಎಷ್ಟು, ಕ್ರಾಪಿನವರು ಎಷ್ಟು ಎಂದು ಎಣಿಸಬೇಕೆಂದು ನನಗೆ ತೋರಲೇ ಇಲ್ಲ.

ಈಗ ಕಿವಿ, ಕೈ, ಕಣ್ಣಿನ ಮಾತಿಗೆ ಬರೋಣ.

ಮಕ್ಕಳಲ್ಲಿ ಕೆಲವರು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ, ಕೆಲವರು ಓದಿ ಬರೆದು, ಕೆಲವರು ಮಾಡಿ ಕಲಿಯುತ್ತಾರೆ ಎಂದು ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಎಂಬ ಅಧ್ಯಾಪಕ 1980ರ ದಶಕದ ಕೊನೆಗೆ ಒಂದು ಪ್ರಶ್ನಾವಳಿ ಮಾಡಿದ. ಅವನೊಬ್ಬನೇ ಅಲ್ಲ. ಇಂಗ್ಲೆಂಡಿನಲ್ಲಿ ಫ್ರಾಂಕ್ ಕಾಫೀಲ್ಡ್ ಮತ್ತು ಸಂಗಡಿಗರು 2004ರಲ್ಲಿ ಲೆಕ್ಕ ಹಾಕಿದಾಗ ಇಂಥ ವರ್ಗೀಕರಣಗಳು 71 ಸಿಕ್ಕವು. ಎಪ್ಪತ್ತೊಂದು! ನಮ್ಮಲ್ಲಿ ಜಾತಕಕ್ಕೆ ಹನ್ನೆರಡೇ ರಾಶಿ. ಅನೇಕ ವರ್ಗೀಕರಣಗಳ ಹಿಂದೆ ಪರೀಕ್ಷೆಯ ಹಾಳೆ, ಪುಸ್ತಕ, ತರಬೇತಿ ಶಿಬಿರ ಎಂದು ವ್ಯಾಪಾರವೂ ಬೆಳೆದಿತ್ತು.

ಇದು ನಿಜವೋ ಸುಳ್ಳೋ ತಿಳಿಯುವುದು ಹೇಗೆ? 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇತರ ಮೂವರು ಅಮೆರಿಕನ್ ವಿಜ್ಞಾನಿಗಳು ಅದಕ್ಕೆ ಒಂದು ಒರೆಗಲ್ಲು ಹಾಕಿಕೊಟ್ಟರು. ನೇಯ್ಗೆ ಖಾತೆಯವರಿಗೆ ಅದು ಕೂಡಲೇ ಅರ್ಥವಾಗುತ್ತದೆ. ಎರಡು ಬಗೆಯ ನೂಲು ಇದೆ, ಎರಡು ಬಗೆಯ ಗಂಜಿ ಇದೆ ಎಂದಿಟ್ಟುಕೊಳ್ಳಿ. ಈ ನೂಲಿಗೆ ಈ ಗಂಜಿಯೇ ಒಗ್ಗುತ್ತದೆ ಎಂದು ಒಬ್ಬ ಏಜೆಂಟ ಹೇಳುತ್ತಾನೆ. ಒಂದು ನೂಲಿಗೆ ಒಂದು ಗಂಜಿ ಹಾಕಿ ಎಳೆ ಕಡಿಯಲಿಲ್ಲ ನೋಡಿ ಎಂದರೆ ನೀವು ಒಪ್ಪುತ್ತೀರಾ? ಎರಡು ನೂಲಿಗೂ ಎರಡು ಗಂಜಿಯನ್ನೂ ಹಾಕಿ, ಅದೇ ಮಗ್ಗದ ಮೇಲೆ ಓಡಿಸಿ, ಎಳೆ ಎಷ್ಟು ಬಾರಿ ಕಡಿಯಿತೆಂದು ಎಣಿಸಬೇಕು. ಮೊದಲ ನೂಲು ಮೊದಲ ಗಂಜಿಯಲ್ಲಿಯೂ ಎರಡನೆಯದು ಎರಡನೆಯದರಲ್ಲಿಯೂ ಗಟ್ಟಿಯಾಗಿ ನಿಂತರೆ ಮಾತ್ರ ಏಜೆಂಟನ ಮಾತು ನಿಜ. ಎರಡು ನೂಲೂ ಒಂದೇ ಗಂಜಿಯಲ್ಲಿ ಚೆನ್ನಾಗಿ ನಿಂತರೆ ಆ ಗಂಜಿಯೇ ಒಳ್ಳೆಯದು ಎಂದಷ್ಟೇ ಅರ್ಥ.

ಮಕ್ಕಳ ವಿಷಯದಲ್ಲಿಯೂ ಹೀಗೆಯೇ. ಕಣ್ಣಿನವರು ಎನ್ನಿಸಿಕೊಂಡವರನ್ನೂ ಕಿವಿಯವರು ಎನ್ನಿಸಿಕೊಂಡವರನ್ನೂ ಎರಡೂ ವಿಧಾನದಲ್ಲಿ ಕಲಿಸಿ ಒಂದೇ ಪರೀಕ್ಷೆ ಕೊಡಬೇಕು. ಹೀಗೆ ಸರಿಯಾಗಿ ನಡೆಸಿದ ಪ್ರಯೋಗಗಳನ್ನು ಆ ನಾಲ್ವರು ಹುಡುಕಿದಾಗ ಅವು ಸಿಕ್ಕಿದ್ದೇ ಬೆರಳೆಣಿಕೆಯಷ್ಟು. ಸಿಕ್ಕವುಗಳಲ್ಲಿ ಹಲವು ಈ ವಾದಕ್ಕೆ ವಿರುದ್ಧವಾಗಿಯೇ ಇದ್ದವು. ಮಗುವಿಗೆ ಇಷ್ಟಾನಿಷ್ಟಗಳಿಲ್ಲವೆಂದು ಇದರ ಅರ್ಥವಲ್ಲ. ಒಬ್ಬಳಿಗೆ ಕಥೆಯಂತೆ ಹೇಳಿದರೆ ಇಷ್ಟ, ಇನ್ನೊಬ್ಬನಿಗೆ ಕೈಗೆ ಸಾಮಾನು ಕೊಟ್ಟರೆ ಇಷ್ಟ. ಆದರೆ ಇಷ್ಟವೇ ಶಕ್ತಿಯಲ್ಲ. ನನಗೆ ಮೈಸೂರುಪಾಕು ಇಷ್ಟ. ಆದುದರಿಂದ ಅದೇ ನನ್ನ ಮೈಗೆ ಹಿಡಿಸುವ ಆಹಾರವೆಂದು ವೈದ್ಯರು ಒಪ್ಪಿಲ್ಲ.

ಬೆರಳಚ್ಚಿನ ಸಂಗತಿಯಂತೂ ಕೇಳಲೇಬೇಡಿ. ಬೆರಳಿನ ಗೆರೆಗಳಿಂದ ಒಬ್ಬನನ್ನು ಗುರುತು ಹಿಡಿಯಬಹುದು, ಅವನು ಆಮ್ಲ ಪ್ರತ್ಯಾಮ್ಲದ ಪಾಠ ಹೇಗೆ ಕಲಿಯುತ್ತಾನೆಂದು ಹೇಳಲಿಕ್ಕೆ ವಿಜ್ಞಾನದಲ್ಲಿ ಏನೂ ಆಧಾರವಿಲ್ಲ. ಆ ನಾಲ್ಕು ಸಾವಿರ ಹೋದದ್ದು ಹೋಯಿತು. ಅದರ ಹಿಂದೆ ಹುಡುಗಿಯ ಎರಡು ವರ್ಷವೂ ಹೋಗಬಾರದೆಂದು ಆ ಯಜಮಾನರಿಗೆ ಹೇಳಿದ್ದೇನೆ.

ರಸಾಯನಶಾಸ್ತ್ರ ಮಕ್ಕಳಿಗೆ ಏಕೆ ಕಷ್ಟ ಎಂಬುದಕ್ಕೆ ಒಳ್ಳೆಯ ಉತ್ತರ ಕೊಟ್ಟವನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಅಧ್ಯಾಪಕನಾಗಿದ್ದ ಅಲೆಕ್ಸ್ ಜಾನ್‌ಸ್ಟನ್. ಅವನು ಹೇಳಿದ್ದು, ಈ ಶಾಸ್ತ್ರ ಮೂರು ಅಂತಸ್ತಿನ ಮನೆ ಎಂದು. ಉಪಮೆ ನನ್ನದು, ವಿಚಾರ ಅವನದು. ಇಲ್ಲಿ ನೋಡಿ. (ಭಾಷಣಕಾರರು ಅರಿಶಿಣದ ನೀರಿಗೆ ಸುಣ್ಣದ ತಿಳಿಯನ್ನು ಹನಿಸಿದರು, ನೀರು ಕೆಂಪಗಾಯಿತು. ಲಿಂಬೆರಸ ಹಿಂಡಿದಾಗ ಮತ್ತೆ ಹಳದಿಗೆ ತಿರುಗಿತು. — ಸಂ.) ಇದು ಕಣ್ಣಿಗೆ ಕಾಣುವ ಅಂತಸ್ತು. ಆರತಿಯ ಓಕುಳಿ ಮಾಡುವ ತಾಯಂದಿರು ಇದನ್ನು ನೂರು ಸಲ ಮಾಡಿದ್ದೀರಿ. ಒಳಗೆ ಏನಾಯಿತು? ಅರಿಶಿಣದ ಬಣ್ಣದ ಅಣುವಿನಿಂದ ಹೈಡ್ರೋಜನ್ನಿನ ಒಂದು ಸಣ್ಣ ಕಣವನ್ನು ಸುಣ್ಣ ಕಿತ್ತುಕೊಂಡಿತು, ಲಿಂಬೆ ಅದನ್ನು ಮರಳಿ ಕೊಟ್ಟಿತು. ಇದು ಯಾರ ಕಣ್ಣಿಗೂ ಕಾಣದ ಅಂತಸ್ತು. ಮನಸ್ಸಿನಲ್ಲಿ ಚಿತ್ರ ಮಾಡಿಕೊಳ್ಳಬೇಕು. ಮೂರನೆಯದು ನಾನು ಕಪ್ಪುಹಲಗೆಯ ಮೇಲೆ ಬರೆಯುವ ಅಕ್ಷರ, ಅಂಕಿ, ಬಾಣದ ಗುರುತು, ಸಮೀಕರಣ. ತಿಳಿದವನು ಮೂರು ಅಂತಸ್ತಿನಲ್ಲಿಯೂ ಮೆಟ್ಟಿಲು ಹತ್ತಿ ಇಳಿದು ಓಡಾಡುತ್ತಾನೆ. ಅಧ್ಯಾಪಕ ಒಂದೇ ಉಸಿರಿನಲ್ಲಿ ಮೂರೂ ಕಡೆ ಓಡುತ್ತಾನೆ, ಮಗು ಮೆಟ್ಟಿಲಲ್ಲಿಯೇ ಎಡವುತ್ತದೆ.

ಇದನ್ನು ಒಪ್ಪಿದರೆ ಕಿವಿಯ ಹುಡುಗಿ, ಕೈಯ ಹುಡುಗ ಎಂಬ ಮಾತು ತಾನೇ ಬಿದ್ದುಹೋಗುತ್ತದೆ. ಈ ವಿದ್ಯೆಗೆ ಕೈಯೂ ಬೇಕು, ಕಣ್ಣೂ ಬೇಕು, ಚಿತ್ರವೂ ಬೇಕು, ಬರಹವೂ ಬೇಕು. ಕೈಯ ಹುಡುಗನಿಗೆ ಸಮೀಕರಣ ಬೇಡವೆಂದರೆ ಅವನು ಕೆಳಗಿನ ಅಂತಸ್ತಿನಲ್ಲಿಯೇ ಉಳಿದ. ಕಿವಿಯ ಹುಡುಗಿಗೆ ಪ್ರಯೋಗ ಬೇಡವೆಂದರೆ ಅವಳಿಗೆ ಮೇಲಿನ ಅಂತಸ್ತು ಮಾತ್ರ, ಅದೂ ಏಣಿ ಇಲ್ಲದೆ. ಆಗ ಅವಳು ಬಾಯಿಪಾಠ ಮಾಡದೆ ಇನ್ನೇನು ಮಾಡಿಯಾಳು?

ಇಲ್ಲಿ ನನ್ನದೇ ತಪ್ಪನ್ನು ಒಪ್ಪಿಕೊಳ್ಳಬೇಕು. ಮೊದಲ ಹತ್ತು ವರ್ಷ ನಾನು ಪ್ರಯೋಗದ ತರಗತಿಯನ್ನು ಹೀಗೆ ನಡೆಸಿದೆ: ನಾಲ್ಕು ಮಂದಿಗೆ ಒಂದು ಬ್ಯೂರೆಟ್ಟು. ಬ್ಯೂರೆಟ್ಟು ಎಂದರೆ ಕೆಳಗೆ ತಿರುಪು ಇರುವ, ಅಳತೆಯ ಗೆರೆ ಕೊರೆದ ಉದ್ದನೆಯ ಗಾಜಿನ ಕೊಳವೆ. ಅದರಿಂದ ಹನಿಹನಿಯಾಗಿ ಕ್ಷಾರ ಬಿಡುತ್ತಾ ಕೆಳಗಿನ ಆಮ್ಲ ಯಾವ ಹನಿಗೆ ಮುಗಿಯಿತು ಎಂದು ಹಿಡಿಯಬೇಕು. ಬಣ್ಣವಿಲ್ಲದ ನೀರು ಒಂದೇ ಹನಿಗೆ ಮಸುಕು ಗುಲಾಬಿಯಾಗುತ್ತದೆ. ಆ ಹನಿಯನ್ನು ಹಿಡಿದ ಕೈಗೆ ಅದು ಜನ್ಮವಿಡೀ ಮರೆಯದು. ನನ್ನ ತರಗತಿಯಲ್ಲಿ ತಿರುಪು ಹಿಡಿಯುತ್ತಿದ್ದವರು ಹುಡುಗರು. ಹುಡುಗಿಯರು ಪಕ್ಕದಲ್ಲಿ ನಿಂತು ಅಂಕಿ ಬರೆದುಕೊಳ್ಳುತ್ತಿದ್ದರು. ನಾನೇ ಹಾಗೆ ಹೇಳಿದ್ದೆ, "ನಿಮ್ಮ ಅಕ್ಷರ ಗುಂಡಗಿದೆ, ರೆಕಾರ್ಡು ನೀವು ಬರೀರಮ್ಮಾ" ಎಂದು. ಮೆಚ್ಚುಗೆಯ ಮಾತು ಎಂದೇ ನಾನು ತಿಳಿದಿದ್ದೆ.

ಒಂದು ವರ್ಷ ಒಬ್ಬ ಹುಡುಗಿ, ಅವಳ ತಾಯಿ ಬೀಡಿ ಕಟ್ಟುತ್ತಿದ್ದರು, ಪರೀಕ್ಷೆಯ ದಿನ ಬ್ಯೂರೆಟ್ಟಿನ ಮುಂದೆ ನಿಂತು ಅಲುಗಲಿಲ್ಲ. ಸಮೀಕರಣ, ಲೆಕ್ಕ ಎಲ್ಲ ತಪ್ಪಿಲ್ಲದೆ ಬರೆದಿದ್ದಾಳೆ. ತಿರುಪು ಯಾವ ಕಡೆಗೆ ತಿರುಗುತ್ತದೆಂದು ಗೊತ್ತಿಲ್ಲ. "ಸಾರ್, ಇದನ್ನ ನಾನು ಯಾವತ್ತೂ ಮುಟ್ಟಿಲ್ಲ" ಎಂದಳು. ಹೊರಗಿನಿಂದ ಬಂದಿದ್ದ ಪರೀಕ್ಷಕರು ನನ್ನ ಮುಖ ನೋಡಿದರು. ಎರಡು ವರ್ಷ ನನ್ನ ಕಣ್ಣೆದುರಿಗೇ ಅವಳು ಆ ಮೇಜಿನ ಪಕ್ಕದಲ್ಲಿ ನಿಂತಿದ್ದಳು. ಆಮೇಲೆ ನಾನು ಗಡಿಯಾರ ಇಟ್ಟುಕೊಂಡು ಸರದಿ ಮಾಡಿದೆ. ಪ್ರತಿಯೊಬ್ಬರೂ ತಿರುಪು ಹಿಡಿಯಬೇಕು, ಪ್ರತಿಯೊಬ್ಬರೂ ಬರೆಯಬೇಕು. ಮೊದಲ ತಿಂಗಳು ಎರಡು ಬ್ಯೂರೆಟ್ಟು ಒಡೆದವು. ಎರಡನ್ನೂ ಒಡೆದವರು ಹುಡುಗರೇ, ಅದು ಬೇರೆ ಮಾತು. ಹುಡುಗರ ಬರಹವೂ ಸುಧಾರಿಸಿತು; ಅವರ ರೆಕಾರ್ಡು ಓದಲು ಬರುವಂತಾಯಿತು.

ಗಿರಣಿಯಲ್ಲಿ ಹಳಬರಾದ ನಿಮಗೆ ಈ ಕಥೆ ಹೊಸದಲ್ಲ. ಹೆಂಗಸರ ಬೆರಳು ಸಪೂರ, ರೀಲಿಂಗಿಗೂ ವೈಂಡಿಂಗಿಗೂ ಅದೇ ಸರಿ, ಮಗ್ಗ ಅವರಿಗೆ ಆಗದು ಎಂದು ಮಾಲೀಕರು ಹೇಳುತ್ತಿದ್ದ ಕಾಲವಿತ್ತು. ಕೂಲಿಯೂ ಅದಕ್ಕೆ ತಕ್ಕಂತೆ ಕಡಿಮೆ. ಆಮೇಲೆ ಯಂತ್ರ ಬಂದಾಗ ಮೊದಲು ಹೊರಗೆ ಹೋದದ್ದು ಅದೇ ಸಪೂರ ಬೆರಳುಗಳು. ಸ್ವಭಾವದ ಮಾತು ಎಲ್ಲಿ ಕೇಳಿಸಿದರೂ ಅದರಿಂದ ಯಾರಿಗೆ ಲಾಭ ಎಂದು ಒಮ್ಮೆ ಲೆಕ್ಕ ಹಾಕುವ ಅಭ್ಯಾಸ ಕಾರ್ಮಿಕರಿಗೆ ಇರಬೇಕು. ಗಿರಣಿಯಲ್ಲಿ ಹಾಕುತ್ತೇವೆ, ಮನೆಯಲ್ಲಿ ಮರೆಯುತ್ತೇವೆ.

ಈ ಮಾತು ದೊಡ್ಡವರಿಂದಲೂ ಬಂದಿದೆ. ಬೊಂಬಾಯಿ ವಿಶ್ವವಿದ್ಯಾಲಯದಲ್ಲಿ ಮೊದಲನೆಯವಳಾಗಿ ಪದವಿ ಪಡೆದ ಕಮಲಾ ಭಾಗವತ್ ಎಂಬ ಹುಡುಗಿ 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಎಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಅರ್ಜಿ ಹಾಕಿದಳು. ಅವಳ ತಂದೆ, ಚಿಕ್ಕಪ್ಪ ಇಬ್ಬರೂ ಅಲ್ಲಿಯೇ ಕಲಿತ ರಸಾಯನಶಾಸ್ತ್ರಜ್ಞರು. ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ನರು ಹೆಂಗಸು ಎಂಬ ಕಾರಣಕ್ಕೆ ಅರ್ಜಿ ತಳ್ಳಿಹಾಕಿದರು. ನೊಬೆಲ್ ಬಹುಮಾನ ಪಡೆದವರ ಮಾತು. ಬೇರೆ ಯಾರಾದರೂ ತಲೆ ಬಗ್ಗಿಸಿ ಹಿಂದಿರುಗುತ್ತಿದ್ದರು. ಆಕೆ ಬೆಂಗಳೂರಿಗೆ ಬಂದು ಕಾರಣ ಕೇಳಿದಳು, ಪಟ್ಟು ಹಿಡಿದಳು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥ, ಗಂಡು ವಿದ್ಯಾರ್ಥಿಗಳಿಗೆ ತೊಂದರೆಯಾಗಬಾರದು ಎಂಬಂಥ ಷರತ್ತುಗಳ ಮೇಲೆ ಸೇರಿಸಿಕೊಂಡರು. ಆಕೆ ಹಾಲು, ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕೆಲಸ ಮಾಡಿದಳು. ಬಡವರ ತಟ್ಟೆಯ ರಸಾಯನಶಾಸ್ತ್ರ ಅದು. 1936ರಲ್ಲಿ ಎಂ.ಎಸ್‌ಸಿ. ಮುಗಿಯಿತು, ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಡಾಕ್ಟರೇಟ್. ಆಲೂಗೆಡ್ಡೆಯಲ್ಲಿ ಕೆಲಸ ಮಾಡಿ, ಗಿಡಗಳ ಜೀವಕೋಶಗಳಲ್ಲಿಯೂ ಸೈಟೋಕ್ರೋಮ್ ಸಿ ಎಂಬ ವಸ್ತು ಇದೆಯೆಂದು ತೋರಿಸಿದವಳು ಆಕೆ. ಮದುವೆಯಾದ ಮೇಲೆ ಕಮಲಾ ಸೊಹೊನಿ ಎಂದು ಹೆಸರಾಯಿತು. ಅವಳ ಕೆಲಸ ಕಂಡ ಮೇಲೆ ರಾಮನ್ನರು ಬೇರೆ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದರು ಎಂಬುದನ್ನು ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ. ಆದರೆ ಷರತ್ತಿಲ್ಲದೆ ಸೇರಿದ ಎಷ್ಟು ಗಂಡಸರಿಗೆ ಯಾರೂ ಅಂಥ ಪರೀಕ್ಷಾ ವರ್ಷ ಇಟ್ಟಿದ್ದರು?

ಸರ್ಕಾರದ ಕಾಗದದಲ್ಲಿಯೂ ಈ ಭೇದ ಬಹಳ ದಿನ ಉಳಿದಿತ್ತು. ಹುಡುಗಿಯರಿಗೆ ಗೃಹವಿಜ್ಞಾನ, ಹುಡುಗರಿಗೆ ವಿಜ್ಞಾನ. 1962ರಲ್ಲಿ ಹಂಸಾ ಮೆಹತಾ ಅವರ ಅಧ್ಯಕ್ಷತೆಯ ಸಮಿತಿ ಕುಳಿತು, ಗಂಡು ಹೆಣ್ಣು ಎಂದು ಪಾಠಕ್ರಮದಲ್ಲಿ ಭೇದ ಮಾಡಬಾರದೆಂದು ಹೇಳಿತು. 1964–66ರ ಕೊಠಾರಿ ಆಯೋಗ ಅದನ್ನು ಎತ್ತಿಹಿಡಿದು, ಮೊದಲ ಹತ್ತು ವರ್ಷ ಎಲ್ಲ ಮಕ್ಕಳಿಗೂ ವಿಜ್ಞಾನ ಗಣಿತ ಕಡ್ಡಾಯವಾಗಬೇಕೆಂದಿತು. ನಿಮ್ಮ ಮಗಳು ಇಂದು ಮಗನ ಪತ್ರಿಕೆಯನ್ನೇ ಬರೆಯುತ್ತಿರುವುದು ಅದರಿಂದ. ಹತ್ತನೆಯ ತರಗತಿಯವರೆಗೆ ಕಾಗದ ಅವಳ ಕೈಹಿಡಿಯುತ್ತದೆ. ಹನ್ನೊಂದನೆಯದಕ್ಕೆ ತೀರ್ಮಾನ ಮನೆಯದು.

ಮನೆಯ ತೀರ್ಮಾನ ಎಂಥದ್ದು ನೋಡಿ. ಪಿಯುಸಿ ಮುಗಿಸಿದವರು ವೈದ್ಯಕ್ಕೆ ಹೋಗಬೇಕಾದರೆ ನೀಟ್ ಬರೆಯಬೇಕು, ದೊಡ್ಡ ಎಂಜಿನಿಯರಿಂಗ್ ಕಾಲೇಜುಗಳಿಗೆ ಜೆಇಇ. ಎರಡರಲ್ಲಿಯೂ ರಸಾಯನಶಾಸ್ತ್ರ ಇದೆ, ಹೆಚ್ಚು ಕಡಿಮೆ ಅದೇ ಪಾಠಗಳು. 2024ರ ನೀಟ್‌ಗೆ ದೇಶದಲ್ಲಿ 13 ಲಕ್ಷಕ್ಕೂ ಮೇಲ್ಪಟ್ಟು ಹುಡುಗಿಯರು ಹೆಸರು ಕೊಟ್ಟಿದ್ದರು, ಹುಡುಗರು 10 ಲಕ್ಷಕ್ಕೆ ಸ್ವಲ್ಪ ಮೇಲೆ. ಅದೇ ವರ್ಷ ಜೆಇಇ ಮೇನ್‌ಗೆ ಹೆಸರು ಕೊಟ್ಟವರಲ್ಲಿ ಹುಡುಗಿಯರು ಸುಮಾರು ಮೂರರಲ್ಲಿ ಒಂದು ಪಾಲು. ಐಐಟಿಗಳಲ್ಲಿ ಹುಡುಗಿಯರ ಸಂಖ್ಯೆ ಎಷ್ಟು ಕಡಿಮೆಯಿತ್ತೆಂದರೆ 2018ರಿಂದ ಅವರಿಗಾಗಿಯೇ ಹೆಚ್ಚುವರಿ ಸ್ಥಾನ ಮಾಡಬೇಕಾಯಿತು. ಒಂದೇ ರಸಾಯನಶಾಸ್ತ್ರ ವೈದ್ಯದ ಬಾಗಿಲಲ್ಲಿ ಹೆಣ್ಣುತಲೆಗೆ ಹತ್ತುತ್ತದೆ, ಎಂಜಿನಿಯರಿಂಗಿನ ಬಾಗಿಲಲ್ಲಿ ಹತ್ತುವುದಿಲ್ಲವೇ? ಡಾಕ್ಟರಮ್ಮ ಎಂದರೆ ಮರ್ಯಾದೆ, ಹೆಣ್ಣುಮಗಳು ಕಾರ್ಖಾನೆಗೆ ಹೋದರೆ ಏನೋ ಒಂದು ಅಳುಕು. ಇದು ನಮ್ಮ ಅಳುಕು, ಅವಳ ಮೆದುಳಿನದಲ್ಲ.

ಹುಡುಗರ ಪರವಾಗಿಯೂ ಒಂದು ಮಾತು ಆಡಬೇಕು. 2024ರಲ್ಲಿ ನೂರಕ್ಕೆ ಮೂವತ್ತನಾಲ್ಕು ಹುಡುಗರು ಹತ್ತನೆಯ ತರಗತಿಯಲ್ಲಿ ಬಿದ್ದರೆಂದರೆ ಅದು ಸಣ್ಣ ಸಂಗತಿಯಲ್ಲ. ನನ್ನ ಅನುಭವದಲ್ಲಿ, ಬಿದ್ದವರಲ್ಲಿ ಗ್ಯಾರೇಜಿಗೋ ಅಂಗಡಿಗೋ ಹೋಗಿ ಸಂಜೆ ದುಡಿಯುತ್ತಿದ್ದವರು ಅನೇಕರು. "ಗಂಡುಹುಡುಗ, ಹೇಗಾದರೂ ಬದುಕುತ್ತಾನೆ" ಎಂದು ಅವರ ಪುಸ್ತಕವನ್ನು ಯಾರೂ ತೆರೆದು ನೋಡುತ್ತಿರಲಿಲ್ಲ. ಕೈಯಿಂದ ಕಲಿಯುವವನು ಎಂಬ ಹೆಸರು ಇಂಥವರಿಗೆ ಬಹಳ ಬೇಗ ಅಂಟುತ್ತದೆ. ಆಮೇಲೆ ಅವರಿಗೆ ಓದು ಬರಹ ಕಲಿಸುವ ಹೊಣೆಯಿಂದ ನಾವು ಮೇಷ್ಟರೂ ತಪ್ಪಿಸಿಕೊಳ್ಳುತ್ತೇವೆ.

ಹುಡುಗಿಯರ ಹೊತ್ತಿನ ಲೆಕ್ಕವೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು. ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ಆಗ ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. ಆರು ವರ್ಷದ ಮೇಲಿನ ಎಲ್ಲರೂ ಆ ಲೆಕ್ಕದಲ್ಲಿ ಸೇರಿದ್ದಾರೆ. ಮುಸುರೆ ತಿಕ್ಕಿ, ನೀರು ತುಂಬಿ, ತಮ್ಮನನ್ನು ಮಲಗಿಸಿ, ಆಮೇಲೆ ಕುಳಿತು 91 ತೆಗೆದವಳಿಗೆ ನಾವು ಬಾಯಿಪಾಠದ ಹೆಸರು ಕೊಡುತ್ತೇವೆ.

ಇನ್ನು ಪ್ರಯೋಗಶಾಲೆ. ನಾನು ಕಂಡ ಅನೇಕ ಶಾಲೆಗಳಲ್ಲಿ ಅದು ಒಂದು ಬೀರು. ಬೀರುವಿಗೆ ಬೀಗ, ಬೀಗದ ಕೈ ಹೆಡ್‌ಮಾಸ್ತರರ ಮೇಜಿನೊಳಗೆ. ಅಧ್ಯಾಪಕನನ್ನು ಬೈಯುವುದು ಸುಲಭ. ಅವನ ಕಷ್ಟವೂ ನನಗೆ ಗೊತ್ತು. ಒಂದು ಗಾಜು ಒಡೆದರೆ ದಾಸ್ತಾನು ಪುಸ್ತಕದಲ್ಲಿ ಬರೆಯಬೇಕು, ವರ್ಗವಾಗುವಾಗ ಲೆಕ್ಕ ಒಪ್ಪಿಸಬೇಕು, ಕಡಿಮೆ ಬಿದ್ದರೆ ಸಂಬಳದಿಂದ ಕಟ್ಟಬೇಕು. ಆದುದರಿಂದ ಗಾಜು ಒಡೆಯದೆ ಬೀರುವಿನಲ್ಲಿ ಉಳಿಯುತ್ತದೆ. ತೆಗೆದ ದಿನ, ಅದೇ ಭಯಕ್ಕೆ, "ಗಟ್ಟಿ" ಎನ್ನಿಸುವ ಹುಡುಗನ ಕೈಗೆ ಹೋಗುತ್ತದೆ. ಸರ್ಕಾರಿ ಶಾಲೆಗಳಲ್ಲಿ ಪೋಷಕರೇ ಸದಸ್ಯರಾಗಿರುವ ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ ಇದೆ. ಈ ಸಭೆಯಲ್ಲಿಯೇ ಅದರ ಸದಸ್ಯರು ನಾಲ್ಕು ಮಂದಿ ಕಾಣುತ್ತಿದ್ದಾರೆ. ಮುಂದಿನ ಬೈಠಕ್ಕಿನಲ್ಲಿ ಕಾಂಪೌಂಡು, ಬಣ್ಣ, ಗೇಟಿನ ಮಾತು ಮುಗಿದ ಮೇಲೆ ಮೂರು ಪ್ರಶ್ನೆ ಕೇಳಿ: ಬೀರು ಈ ವರ್ಷ ಎಷ್ಟು ಸಲ ತೆರೆಯಿತು? ಒಡೆದ ಗಾಜಿಗೆ ಅಧ್ಯಾಪಕರ ಜೇಬಿನ ಬದಲು ಶಾಲೆಯ ನಿಧಿಯಿಂದ ಹಣ ಕೊಡಬಹುದೇ? ಸಾಮಾನು ಹಿಡಿಯುವ ಸರದಿಯ ಪಟ್ಟಿ ಗೋಡೆಯ ಮೇಲೆ ಇದೆಯೇ?

ಬಣ್ಣದ ಖಾತೆಯವರು ಇದರಲ್ಲಿ ಮೇಷ್ಟರಿಗಿಂತ ಹೆಚ್ಚು ನೆರವಾಗಬಲ್ಲಿರಿ. ಕಾಸ್ಟಿಕ್ ಸೋಡಾ ಕೈಗೆ ತಗುಲಿದರೆ ಮೊದಲು ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು, ಬ್ಲೀಚಿಂಗ್ ಪುಡಿಗೆ ಆಮ್ಲ ಬಿದ್ದರೆ ಉಸಿರುಗಟ್ಟಿಸುವ ಕ್ಲೋರಿನ್ ಏಳುತ್ತದೆ ಎಂಬುದು ನಿಮಗೆ ಪುಸ್ತಕದಿಂದ ಬಂದ ತಿಳಿವಳಿಕೆಯಲ್ಲ. ಅದನ್ನು ಮಗಳಿಗೂ ಹೇಳಿ. ನೀವು ಮಗನಿಗೆ ಮಾತ್ರ ಹೇಳುತ್ತೀರಿ. ನಾನು ಕೇಳಿ ನೋಡಿದ್ದೇನೆ.

ಸ್ಪಿನ್ನಿಂಗ್ ಖಾತೆಯ ಗೆಳೆಯರಿಗೆ ನಾನು ಕೊಟ್ಟ ಉತ್ತರವನ್ನು ಕೇಳಬೇಕೆಂದು ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಮಗನನ್ನು ಬಿಟ್ಟುಬಿಡಿ ಎಂದು ನಾನು ಹೇಳಲಿಲ್ಲ. ಟ್ಯೂಷನ್ನಿನ ಹಣ ಇಬ್ಬರಿಗೂ ಬೇಡ, ಹುಡುಗಿಯನ್ನು ಸರ್ಕಾರಿ ಕಾಲೇಜಿನಲ್ಲಿ ಸೈನ್ಸಿಗೆ ಸೇರಿಸಿ, ಹುಡುಗ ಏನು ಓದಬೇಕೆಂದು ಹುಡುಗನನ್ನೇ ಕೇಳಿ ಎಂದೆ. ಮೂರು ದಿನ ಬಿಟ್ಟು ಬಂದರು. ಹುಡುಗನಿಗೆ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಕಲಿಯುವ ಆಸೆಯಂತೆ. ಅಪ್ಪನಿಗೆ ಹೆದರಿ ಬಾಯಿ ಬಿಟ್ಟಿರಲಿಲ್ಲವಂತೆ. ಹುಡುಗಿಯ ಅರ್ಜಿ ಇನ್ನೂ ಹಾಕಿಲ್ಲ. ಕೊನೆಯ ತಾರೀಖು ಗುರುವಾರ. ಅವರು ಇಲ್ಲಿ ಎರಡನೇ ಸಾಲಿನಲ್ಲಿ ಕುಳಿತಿದ್ದಾರೆ, ಹೆಸರು ಹೇಳುವುದಿಲ್ಲ.

ಬರುವ ಭಾನುವಾರ ಸಂಜೆ ನಾಲ್ಕಕ್ಕೆ ಇದೇ ಕೋಣೆಗೆ ನನ್ನ ಸ್ವಂತದ ನಾಲ್ಕು ಬ್ಯೂರೆಟ್ಟು ತರುತ್ತೇನೆ. ಎಂಟು, ಒಂಬತ್ತು, ಹತ್ತರ ಮಕ್ಕಳನ್ನು ಕಳಿಸಿ. ಒಡೆದರೆ ಯಾರೂ ದುಡ್ಡು ಕಟ್ಟಬೇಕಾಗಿಲ್ಲ. ನಾಲ್ಕರಿಂದ ಆರರವರೆಗೆ ಹುಡುಗಿಯರ ಪಾಲಿನ ಮನೆಗೆಲಸ ಯಾರು ಮಾಡುವುದೆಂದು ಮಾತ್ರ ಶನಿವಾರ ರಾತ್ರಿಯೇ ಮನೆಯಲ್ಲಿ ಗೊತ್ತುಮಾಡಿಕೊಳ್ಳಿ.